ಟ್ವಿಟರ್‌ನ ಗಡಿಯಾರ ಒಂದು ವರ್ಷ ಮುಂದೆ ಓಡಿದ ಸೋಮವಾರ

2014ರ ಡಿಸೆಂಬರ್ 29, ಸೋಮವಾರ. ಬೆಂಗಳೂರಿನಲ್ಲಿ ಬೆಳಗಿನ ಜಾವ ಐದೂವರೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗಿನ್ನೂ ಭಾನುವಾರ ಸಂಜೆ ನಾಲ್ಕು. ಪ್ರಪಂಚದ ಬಹಳಷ್ಟು ಸರ್ವರ್‌ಗಳು ಸಮಯಕ್ಕಾಗಿ ನೋಡುವ ಯುಟಿಸಿ, ಅಂದರೆ ವಿಶ್ವ ಪ್ರಮಾಣ ಸಮಯದ ಗಡಿಯಾರದಲ್ಲಿ ಮಾತ್ರ ಸರಿಯಾಗಿ ಮಧ್ಯರಾತ್ರಿ. ಭಾನುವಾರ ಮುಗಿದು ಸೋಮವಾರ ಶುರುವಾದ ಕ್ಷಣ ಅದು.

ಆ ಕ್ಷಣದಿಂದ ಟ್ವಿಟರ್‌ನ ಆಂಡ್ರಾಯ್ಡ್ ಆ್ಯಪ್ ಬಳಸುತ್ತಿದ್ದ ಬಹಳ ಜನ ತಾವಾಗಿಯೇ ಲಾಗೌಟ್ ಆದರು. ಮತ್ತೆ ಲಾಗಿನ್ ಮಾಡಲು ಹೋದರೆ ಒಳಗೆ ಬಿಡಲಿಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಇತ್ತು, ನೆಟ್ ಇತ್ತು, ಫೋನೂ ಚೆನ್ನಾಗಿತ್ತು. ಟ್ವೀಟ್‌ಡೆಕ್ ಎಂಬ ಟ್ವಿಟರ್‌ನದೇ ಇನ್ನೊಂದು ಆ್ಯಪ್ ತೆರೆದವರಿಗೆ ಇನ್ನೊಂದು ವಿಚಿತ್ರ ಕಂಡಿತು. ಈಗಷ್ಟೇ ಹಾಕಿದ ಟ್ವೀಟ್‌ನ ಪಕ್ಕದಲ್ಲಿ 365 ದಿನ ಹಳೆಯದು ಎಂದು ಬರುತ್ತಿತ್ತು. ಇದು ಸುಮಾರು ಐದು ಗಂಟೆ ನಡೆಯಿತು. ಆಮೇಲೆ ಕಂಪನಿ ಅದನ್ನು ಸರಿಪಡಿಸಿ, ಫ್ರಂಟ್ ಎಂಡ್ ಕೋಡ್‌ನಲ್ಲಿದ್ದ ಒಂದು ಬಗ್‌ನಿಂದ ಹೀಗಾಯಿತು ಎಂದು ಚುಟುಕಾಗಿ ಹೇಳಿತು.

ಅಷ್ಟರೊಳಗೆ ಹೊರಗಿನ ಪ್ರೋಗ್ರಾಮರ್‌ಗಳು ತಾವೇ ಹುಡುಕಲು ಕೂತಿದ್ದರು. ಸರ್ವರ್ ಯಾವುದೇ ಉತ್ತರ ಕಳಿಸುವಾಗ ಅದರ ತಲೆಯಲ್ಲಿ ಕೆಲವು ಹೆಡರ್‌ಗಳಿರುತ್ತವೆ. ಈ ಉತ್ತರ ಯಾವಾಗ ಹೊರಟಿತು ಎಂದು ಹೇಳುವ ದಿನಾಂಕವೂ ಅಲ್ಲೇ ಇರುತ್ತದೆ. ಟ್ವಿಟರ್‌ನ ಹೆಡರ್‌ನಲ್ಲಿ ದಿನ ಸರಿ ಇತ್ತು, ತಿಂಗಳು ಸರಿ ಇತ್ತು. ವರ್ಷ ಮಾತ್ರ 2015 ಎಂದಿತ್ತು.

ನಾನು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ ಮಾಡುವವನು. ತಂಡಕ್ಕೆ ಹೊಸಬರು ಸೇರಿದಾಗಲೆಲ್ಲ ಈ ಪ್ರಕರಣವನ್ನು ಹೇಳುತ್ತೇನೆ. ದಿನಾಂಕದ ಫಾರ್ಮ್ಯಾಟ್ ಅಂದರೆ ಸುಮ್ನೆ ಅಲಂಕಾರ, ಗೆರೆ ಹಾಕಬೇಕಾ ಚುಕ್ಕಿ ಹಾಕಬೇಕಾ ಅನ್ನುವ ವಿಷಯ ಎಂದು ತುಂಬಾ ಜನ ಅಂದುಕೊಂಡಿರುತ್ತಾರೆ. ಅದು ಹಾಗಲ್ಲ. ಫಾರ್ಮ್ಯಾಟ್‌ನಲ್ಲಿ ನಾವು ಬರೆಯುವ ಒಂದೊಂದು ಅಕ್ಷರವೂ ಕಂಪ್ಯೂಟರಿಗೆ ಕೇಳುವ ಒಂದೊಂದು ಪ್ರಶ್ನೆ. ‘ವರ್ಷ ಯಾವುದು?’ ಅನ್ನುವುದಕ್ಕೆ ಒಂದಕ್ಕಿಂತ ಜಾಸ್ತಿ ಸರಿಯಾದ ಉತ್ತರಗಳಿವೆ. ಈ ಪ್ರಕರಣದ ಬೇರು ಅಲ್ಲೇ ಇದೆ.

ಯಾವ ವರ್ಷ?

ನಮಗೆ ಇದು ಹೊಸದೇನಲ್ಲ. 2025ರ ಫೆಬ್ರವರಿ 15ರಂದು ನೀವು ಒಂದು ಬಿಲ್ ಬರೆದರೆ ಕ್ಯಾಲೆಂಡರ್ ಪ್ರಕಾರ ಅದು 2025ರದು. ಆಡಿಟರ್ ಅದನ್ನು 2024-25ರ ಲೆಕ್ಕಕ್ಕೆ ಹಾಕುತ್ತಾರೆ. ಮನೆಯ ಪಂಚಾಂಗ ತೆಗೆದರೆ ಆ ದಿನ ಇನ್ನೂ ಹಿಂದಿನ ಸಂವತ್ಸರದಲ್ಲೇ ಇರುತ್ತದೆ. ಹೊಸ ಸಂವತ್ಸರಕ್ಕೆ ಯುಗಾದಿ ಬರಬೇಕು. ಒಂದೇ ದಿನಕ್ಕೆ ಮೂರು ವರ್ಷ. ಮೂರೂ ಸರಿ. ಯಾರು ಕೇಳುತ್ತಿದ್ದಾರೆ, ಯಾತಕ್ಕೆ ಕೇಳುತ್ತಿದ್ದಾರೆ ಅನ್ನುವುದರ ಮೇಲೆ ಉತ್ತರ ನಿಂತಿರುತ್ತದೆ.

ಕಂಪ್ಯೂಟರ್ ಭಾಷೆಗಳಲ್ಲಿ ಹೀಗೆ ಇನ್ನೊಂದು ವರ್ಷವಿದೆ. ಅದನ್ನು ವಾರದ ವರ್ಷ ಎನ್ನೋಣ. ಜರ್ಮನಿ, ಸ್ವೀಡನ್ ಕಡೆ ಜನ ‘32ನೇ ವಾರ ಸಿಗೋಣ’ ಎಂದು ಸಹಜವಾಗಿ ಮಾತಾಡುತ್ತಾರೆ. ಕಾರ್ಖಾನೆಯ ಯೋಜನೆ, ಸಾಮಾನು ಸಾಗಾಟ ಎಲ್ಲ ವಾರದ ಸಂಖ್ಯೆಯ ಮೇಲೆಯೇ ನಡೆಯುತ್ತದೆ. ಹಾಗೆ ಎಣಿಸಬೇಕಾದರೆ ಒಂದು ತೊಡಕು ಬರುತ್ತದೆ. ಎಲ್ಲ ವರ್ಷಗಳೂ ವಾರದ ಮೊದಲ ದಿನವೇ ಶುರುವಾಗುವುದಿಲ್ಲ. ಅರ್ಧ ಈ ವರ್ಷ, ಅರ್ಧ ಆ ವರ್ಷ ಇರುವ ವಾರವನ್ನು ಯಾವ ಕಡೆಗೆ ಸೇರಿಸುವುದು?

ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ನಿಯಮ ಇದಕ್ಕೆ ಚೊಕ್ಕ ಉತ್ತರ ಕೊಟ್ಟಿದೆ. ವಾರ ಸೋಮವಾರ ಶುರುವಾಗುತ್ತದೆ. ಆ ವಾರದ ಗುರುವಾರ ಯಾವ ವರ್ಷದಲ್ಲಿದೆಯೋ ಇಡೀ ವಾರ ಆ ವರ್ಷದ್ದು. ಏಳು ದಿನದಲ್ಲಿ ನಾಲ್ಕು ಯಾರ ಕಡೆಗಿದೆಯೋ ಅವರಿಗೆ ಪೂರ್ತಿ ವಾರ ಸೇರುತ್ತದೆ ಎಂದರೂ ಒಂದೇ.

ಈಗ ನಮ್ಮ ವಾರವನ್ನು ಹಿಡಿದು ನೋಡಿ. ಡಿಸೆಂಬರ್ 29 ಸೋಮವಾರ, 30 ಮಂಗಳವಾರ, 31 ಬುಧವಾರ. ಗುರುವಾರ 2015ರ ಜನವರಿ 1. ಅಂದರೆ 29ನೇ ತಾರೀಖು ಸೋಮವಾರದಿಂದಲೇ ಇದು 2015ರ ಮೊದಲನೇ ವಾರ. ಆ ಮೂರು ದಿನಗಳ ಬಗ್ಗೆ ‘ವಾರದ ವರ್ಷ ಯಾವುದು?’ ಎಂದು ಕೇಳಿದರೆ 2015 ಎಂಬ ಉತ್ತರವೇ ಬರಬೇಕು. ದಿನಾಂಕದ ಲೆಕ್ಕ ಹಾಕುವ ಲೈಬ್ರರಿಯಲ್ಲಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ನಲ್ಲಿ, ಏನೂ ತಪ್ಪಿಲ್ಲ. ನಾವು ಕೇಳಿದ ಪ್ರಶ್ನೆ ತಪ್ಪು. ತಿಂಗಳು, ದಿನ ಎರಡನ್ನೂ ಮಾಮೂಲಿ ಕ್ಯಾಲೆಂಡರಿನಿಂದ ತೆಗೆದು, ವರ್ಷವನ್ನು ಮಾತ್ರ ವಾರದ ಲೆಕ್ಕದಿಂದ ತೆಗೆದು ಅಂಟಿಸಿದರೆ ‘29 ಡಿಸೆಂಬರ್ 2015’ ಎಂಬ ತಾರೀಖು ಹುಟ್ಟುತ್ತದೆ.

ಜಾವಾದಲ್ಲಿ ಇದಕ್ಕೆ ಬೇಕಾಗಿರುವುದು ಒಂದು ಶಿಫ್ಟ್ ಕೀ ಅಷ್ಟೇ. ಇಂಗ್ಲಿಷಿನ ಸಣ್ಣ ವೈ ಬರೆದರೆ ಮಾಮೂಲಿ ವರ್ಷ. ದೊಡ್ಡ ವೈ ಬರೆದರೆ ವಾರದ ವರ್ಷ. ಸಿ ಭಾಷೆಯಲ್ಲಿ ಮಾಮೂಲಿ ವರ್ಷಕ್ಕೆ ಪರ್ಸೆಂಟ್ ಗುರುತಿನ ಜೊತೆ ದೊಡ್ಡ ವೈ, ವಾರದ ವರ್ಷಕ್ಕೆ ಪರ್ಸೆಂಟ್ ಜೊತೆ ದೊಡ್ಡ ಜಿ.

ಒಮ್ಮೆ ಇದನ್ನೇ ಓಡಿಸಿ ತೋರಿಸುತ್ತಿದ್ದೆ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಪರದೆ ನೋಡಿ ಕೇಳಿದಳು, ‘ಸರ್, ಇದರಲ್ಲಿ ಸೋಮವಾರ ಅಂತಿದೆ. ಆದರೆ 2015ರ ಡಿಸೆಂಬರ್ 29 ಮಂಗಳವಾರ ಅಲ್ವಾ?’ ಅವಳು ಫೋನಿನಲ್ಲಿ ಕ್ಯಾಲೆಂಡರ್ ತೆಗೆದು ನೋಡಿಯೇ ಕೇಳಿದ್ದಳು. ನನಗೆ ಬಹಳ ಖುಷಿಯಾಯಿತು. ವಾರದ ಹೆಸರು ನಿಜವಾದ ದಿನದಿಂದ ಬಂದಿದೆ, ವರ್ಷ ಇನ್ನೆಲ್ಲಿಂದಲೋ ಬಂದಿದೆ. ಹಾಗಾಗಿ ಅವೆರಡಕ್ಕೂ ಹೊಂದಾಣಿಕೆ ಇಲ್ಲ. ಗಡಿಯಾರವೇ ಒಂದು ವರ್ಷ ಮುಂದೆ ಹೋಗಿದ್ದರೆ ಮಂಗಳವಾರ ಎಂದು ಬರುತ್ತಿತ್ತು. ಸೋಮವಾರ ಎಂದು ಬಂದರೆ ಗಡಿಯಾರ ಸರಿ ಇದೆ, ಬರೆಯುವ ಕೈ ತಪ್ಪಿದೆ ಎಂದರ್ಥ. ದಿನಾಂಕದ ಬಗ್ ಹುಡುಕುವಾಗ ಮೊದಲು ವಾರದ ಹೆಸರು ನೋಡಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಸುಳಿವು ಸಿಕ್ಕಿದ್ದು ಶುರುವಾದ ಹೊತ್ತಿನಲ್ಲಿ

ಟ್ವಿಟರ್ ತನ್ನ ಕೋಡ್‌ನಲ್ಲಿ ತಪ್ಪಿದ್ದ ಸಾಲನ್ನು ಜನರ ಮುಂದೆ ಇಡಲಿಲ್ಲ. ಆದರೂ ವಾರದ ವರ್ಷವೇ ಕಾರಣ ಎಂದು ಹೊರಗಿನವರು ಅಷ್ಟು ಬೇಗ ತೀರ್ಮಾನಕ್ಕೆ ಬಂದರು. ತೊಂದರೆ ಶುರುವಾದ ಹೊತ್ತು ಅಷ್ಟು ಹೇಳುತ್ತಿತ್ತು. ಈ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ಭಾಗವೂ ಇದೇ.

ವಾರದ ವರ್ಷ ಎಲ್ಲ ದೇಶಕ್ಕೂ ಒಂದೇ ಅಲ್ಲ. ಅಮೆರಿಕದಲ್ಲಿ ವಾರ ಭಾನುವಾರ ಶುರು. ಜನವರಿ 1 ಯಾವ ವಾರದಲ್ಲಿ ಬಿದ್ದರೂ ಅದೇ ಮೊದಲ ವಾರ, ಒಂದೇ ಒಂದು ದಿನ ಇದ್ದರೂ ಸಾಕು. ಭಾರತದ ಲೊಕೇಲ್‌ನಲ್ಲೂ, ಅಂದರೆ ಕಂಪ್ಯೂಟರಿನಲ್ಲಿರುವ ದೇಶ, ಭಾಷೆಯ ಸೆಟ್ಟಿಂಗ್‌ನಲ್ಲೂ, ಹೀಗೆಯೇ ಇದೆ. ಜಾವಾ ಈ ವಿವರವನ್ನು ಲೊಕೇಲ್‌ನಿಂದ ತೆಗೆದುಕೊಳ್ಳುತ್ತದೆ. ಹಾಗಾಗಿ ಅದೇ ಕೋಡ್, ಅದೇ ದಿನ, ಬೆಂಗಳೂರಿನ ಲ್ಯಾಪ್‌ಟಾಪಿನಲ್ಲಿ ಒಂದು ವರ್ಷ, ಜರ್ಮನಿಯ ಸರ್ವರ್‌ನಲ್ಲಿ ಇನ್ನೊಂದು ವರ್ಷ ತೋರಿಸಬಹುದು.

ಅಮೆರಿಕದ ಲೆಕ್ಕವೇ ಆಗಿದ್ದರೆ 2015ರ ಮೊದಲ ವಾರ ಡಿಸೆಂಬರ್ 28ರ ಭಾನುವಾರವೇ ಶುರುವಾಗಬೇಕಿತ್ತು. ಅಂದರೆ ತೊಂದರೆ ಒಂದು ದಿನ ಮೊದಲೇ ಕಾಣಬೇಕಿತ್ತು. ಆದರೆ ಆ ಭಾನುವಾರ ಪೂರ್ತಿ ಟ್ವಿಟರ್ ಚೆನ್ನಾಗಿಯೇ ನಡೆಯಿತು. ಯುಟಿಸಿಯಲ್ಲಿ ಸೋಮವಾರ ಹುಟ್ಟಿದ ಕೂಡಲೇ ಬಿತ್ತು. ಅಂದರೆ ಆ ಸಾಲು ಎಣಿಸುತ್ತಿದ್ದದ್ದು ಐಎಸ್‌ಒ ವಾರವನ್ನು, ಯುಟಿಸಿ ಸಮಯದಲ್ಲಿ. ಕೋಡ್ ನೋಡದೆಯೇ ಅದರ ಗುಣ ಇಷ್ಟು ಗೊತ್ತಾಯಿತು.

ಇನ್ನೊಂದು ವಿಷಯವೂ ಇದರಿಂದ ತಿಳಿಯುತ್ತದೆ. ಹಿಂದಿನ ವರ್ಷ, ಅಂದರೆ 2013ರ ಡಿಸೆಂಬರ್ 30 ಸೋಮವಾರವಾಗಿತ್ತು. 2014ರ ಮೊದಲ ಐಎಸ್‌ಒ ವಾರ ಅಂದೇ ಶುರುವಾಯಿತು. ಇದೇ ಸಾಲು ಆಗ ಅದೇ ಜಾಗದಲ್ಲಿ ಇದ್ದಿದ್ದರೆ ಆಗಲೇ ಕೈಕೊಡಬೇಕಿತ್ತು. ಹಾಗಾಗಿ ಅದು 2014ರಲ್ಲಿ ಬರೆದ ಸಾಲು, ಇಲ್ಲವೇ ಆ ವರ್ಷ ಬಳಕೆಗೆ ಬಂದ ಸಾಲು ಎಂದು ನನ್ನ ಅಂದಾಜು. ತಿಂಗಳುಗಟ್ಟಲೆ ಎಲ್ಲ ಟೆಸ್ಟ್ ಪಾಸಾಗಿ, ದಿನವೂ ಲೆಕ್ಕವಿಲ್ಲದಷ್ಟು ಸಲ ಸರಿಯಾದ ಉತ್ತರವನ್ನೇ ಕೊಟ್ಟಿರುತ್ತದೆ. ಬರೆದವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ವರ್ಷದ ಎಲ್ಲ ದಿನ ಸರಿ ಇದ್ದು ಮೂರು ದಿನ ಮಾತ್ರ ತಪ್ಪುವ ಕೋಡ್ ಅದು, ಆ ಮೂರು ದಿನವೂ ಅರ್ಧ ಆಫೀಸು ರಜೆಯಲ್ಲಿರುವಾಗ ಬರುತ್ತವೆ.

ಹೆಡರ್‌ನ ವರ್ಷ ತಪ್ಪಿದರೆ ಲಾಗಿನ್ ಯಾಕೆ ಹೋಗಬೇಕು?

ಬಹಳ ಜನ ಕೇಳುವ ಪ್ರಶ್ನೆ ಇದು. ಹೆಡರ್‌ನಲ್ಲಿರುವ ದಿನಾಂಕ ಬರೀ ಮಾಹಿತಿ. ಅದು ತಪ್ಪಿದರೆ ಆಗುವ ನಷ್ಟವೇನು?

ಟ್ವಿಟರ್‌ನ ಆ್ಯಪ್‌ಗಳು ಸರ್ವರ್‌ನ ಜೊತೆ ಓಆತ್ 1.0 ಎಂಬ ಪದ್ಧತಿಯಲ್ಲಿ ಮಾತಾಡುತ್ತಿದ್ದವು. ಅದರಲ್ಲಿ ಪ್ರತಿ ವಿನಂತಿಗೂ ಆ್ಯಪ್ ಸಹಿ ಹಾಕುತ್ತದೆ, ಸಹಿಯ ಜೊತೆ ಸಮಯವನ್ನೂ ಬರೆಯುತ್ತದೆ. ಯಾರೋ ಹಳೆಯ ವಿನಂತಿಯನ್ನು ಕದ್ದು ಮತ್ತೆ ಕಳಿಸಬಾರದು ಎಂದು ಈ ಏರ್ಪಾಡು. ಸಮಯ ತೀರಾ ಹಿಂದೆ ಮುಂದೆ ಇದ್ದರೆ ಸರ್ವರ್ ಒಪ್ಪುವುದಿಲ್ಲ.

ಫೋನುಗಳ ಗಡಿಯಾರ ನಂಬಿಕೆಗೆ ತಕ್ಕದ್ದಲ್ಲ. ಯಾರೋ ಕೈಯಾರೆ ಬದಲಿಸಿರುತ್ತಾರೆ, ಬ್ಯಾಟರಿ ಸತ್ತು ಎದ್ದಿರುತ್ತದೆ. ಹಾಗಾಗಿ ಜಾಣ ಪ್ರೋಗ್ರಾಮರ್‌ಗಳು ಒಂದು ಉಪಾಯ ಮಾಡುತ್ತಾರೆ. ಸರ್ವರ್‌ನ ಹೆಡರ್‌ನಲ್ಲಿರುವ ದಿನಾಂಕ ನೋಡಿ, ತಮ್ಮ ಗಡಿಯಾರಕ್ಕೂ ಅದಕ್ಕೂ ಇರುವ ವ್ಯತ್ಯಾಸ ಹಿಡಿದು, ಅಷ್ಟನ್ನು ಕೂಡಿಸಿ ಸಹಿಯ ಸಮಯ ಬರೆಯುತ್ತಾರೆ. ಒಳ್ಳೆಯ ಉಪಾಯವೇ. ಹೊರಗಿನವರು ಕಟ್ಟಿದ ವಿವರಣೆ ಇದರ ಮೇಲೆ ನಿಂತಿದೆ. ಸರ್ವರ್ 2015 ಎಂದಿತು. ಆ್ಯಪ್ ಅದನ್ನು ನಂಬಿ ಒಂದು ವರ್ಷ ಮುಂದಿನ ಸಮಯ ಹಾಕಿ ಸಹಿ ಮಾಡಿತು. ಆ ವಿನಂತಿಯನ್ನು ಪರೀಕ್ಷಿಸುವ ಭಾಗ ಸರಿಯಾದ ಗಡಿಯಾರವನ್ನೇ ನೋಡುತ್ತಿತ್ತು, 2014 ಎಂದೇ ಅದಕ್ಕೆ ಗೊತ್ತು. ಸಹಿ ಒಪ್ಪಲಿಲ್ಲ. ಆ್ಯಪ್ ತನ್ನ ಲಾಗಿನ್ ಕೆಟ್ಟಿದೆ ಎಂದು ತಿಳಿದು ಬಳಕೆದಾರರನ್ನು ಹೊರಗೆ ಹಾಕಿತು. ಬರೀ ಮಾಹಿತಿ ಎಂದು ಒಬ್ಬರು ಬರೆದದ್ದನ್ನು ಇನ್ನೊಬ್ಬರು ಆಧಾರ ಮಾಡಿಕೊಂಡಿದ್ದರು.

ಟ್ವೀಟ್‌ಡೆಕ್‌ನ 365 ದಿನವೂ ಇದೇ ಲೆಕ್ಕ. ‘ಈಗ’ 2015ರ ಡಿಸೆಂಬರ್ 29, ಟ್ವೀಟ್ 2014ರ ಡಿಸೆಂಬರ್ 29. ಕಳೆದರೆ 365.

ಇಷ್ಟು ಸುಲಭವಾಗಿ ಯಾಕೆ ತಪ್ಪುತ್ತದೆ

ಒಂದೊಂದು ಭಾಷೆಯೂ ಅದೇ ಅಕ್ಷರಕ್ಕೆ ಬೇರೆ ಬೇರೆ ಅರ್ಥ ಕೊಟ್ಟಿದೆ. ಎಕ್ಸೆಲ್‌ನಲ್ಲಿ ಸಣ್ಣದು ದೊಡ್ಡದು ಎರಡೂ ನಡೆಯುತ್ತದೆ. ಒರಾಕಲ್ ಡೇಟಾಬೇಸ್‌ನಲ್ಲಿ ನಾಲ್ಕು ದೊಡ್ಡ ವೈ ಎಂದರೆ ಮಾಮೂಲಿ ವರ್ಷ. ಜಾವಾಸ್ಕ್ರಿಪ್ಟ್‌ನವರು ಬಳಸುವ ಮೊಮೆಂಟ್ ಲೈಬ್ರರಿಯಲ್ಲೂ ಹಾಗೆಯೇ. ಪಿಎಚ್‌ಪಿಯಲ್ಲಿ ದೊಡ್ಡ ವೈ ಸರಿ, ವಾರದ ವರ್ಷಕ್ಕೆ ಸಣ್ಣ ಓ. ಪೈಥಾನ್ ಸಿ ಭಾಷೆಯ ದಾರಿ ಹಿಡಿದಿದೆ. ಜಾವಾದಲ್ಲೇ ಜೋಡಾ ಎಂಬ ಹಳೆಯ ಜನಪ್ರಿಯ ಲೈಬ್ರರಿಯಲ್ಲಿ ದೊಡ್ಡ ವೈ ಮಾಮೂಲಿ ವರ್ಷವೇ, ವಾರದ ವರ್ಷಕ್ಕೆ ಸಣ್ಣ ಎಕ್ಸ್. ಜೋಡಾ ಬಿಟ್ಟು ಜಾವಾದ ಸ್ವಂತ ಲೈಬ್ರರಿಗೆ ಬಂದವರು ಹಳೆಯ ಫಾರ್ಮ್ಯಾಟ್ ಸಾಲನ್ನು ಹಾಗೆಯೇ ನಕಲು ಮಾಡಿದರೆ ಮುಗಿಯಿತು. ಗೋ ಭಾಷೆಯವರು ಈ ಗೊಂದಲವೇ ಬೇಡ ಎಂದು ಅಕ್ಷರಗಳನ್ನೇ ಬಿಟ್ಟು, 2006ರ ಜನವರಿ 2 ಎಂಬ ಒಂದು ಮಾದರಿ ದಿನಾಂಕವನ್ನೇ ಬೇಕಾದ ರೂಪದಲ್ಲಿ ಬರೆದು ತೋರಿಸಿ ಅನ್ನುತ್ತಾರೆ. ಮೊದಲ ಸಲ ನೋಡಿದವರಿಗೆ ವಿಚಿತ್ರ ಅನಿಸುತ್ತದೆ. ಆದರೆ ಅಲ್ಲಿ ಈ ತಪ್ಪು ಆಗುವುದೇ ಇಲ್ಲ.

ಜಾವಾ 6ರವರೆಗೆ ದೊಡ್ಡ ವೈ ಬರೆದರೆ ‘ಈ ಅಕ್ಷರ ಗೊತ್ತಿಲ್ಲ’ ಎಂದು ಪ್ರೋಗ್ರಾಂ ಅಲ್ಲೇ ನಿಲ್ಲುತ್ತಿತ್ತು. 2011ರಲ್ಲಿ ಜಾವಾ 7 ಬಂದಾಗ ಅದಕ್ಕೆ ವಾರದ ವರ್ಷ ಎಂಬ ಅರ್ಥ ಸಿಕ್ಕಿತು. ಕೂಗಿ ಹೇಳುತ್ತಿದ್ದ ತಪ್ಪು ಅಂದಿನಿಂದ ಮೌನವಾಯಿತು.

ತಪ್ಪು ಇಷ್ಟು ದಿನ ಬಚ್ಚಿಟ್ಟುಕೊಳ್ಳಲು ಇನ್ನೂ ಒಂದು ಕಾರಣವಿದೆ. ದಿನಾಂಕ ಬರೆಯುವ, ಓದುವ ಜಾವಾದ ಹಳೆಯ ಸಾಧನ ಸಿಂಪಲ್‌ಡೇಟ್‌ಫಾರ್ಮ್ಯಾಟ್‌ಗೆ ದೊಡ್ಡ ವೈ ಕೊಟ್ಟು, ಬರೆದ ದಿನಾಂಕವನ್ನು ಓದಿಸಿ ನೋಡಿ. ಅಮೆರಿಕದ ಲೊಕೇಲ್‌ನಲ್ಲಿ 2014ರ ಜೂನ್ 15 ಕೊಟ್ಟರೂ, ಆಗಸ್ಟ್ 3 ಕೊಟ್ಟರೂ, 2013ರ ಡಿಸೆಂಬರ್ 29 ಎಂದೇ ಓದುತ್ತದೆ. 2014ರ ಮೊದಲ ವಾರದ ಮೊದಲ ದಿನ ಅದು. ತಿಂಗಳು, ತಾರೀಖು ಎರಡನ್ನೂ ಬಿಟ್ಟೇಬಿಡುತ್ತದೆ. ಜಾವಾ 8ರಲ್ಲಿ ಬಂದ ಹೊಸ ಲೈಬ್ರರಿಯಾದರೆ ಓದಲು ಆಗುವುದಿಲ್ಲ ಎಂದು ಎರರ್ ಕೊಡುತ್ತದೆ. ಅಂದರೆ ಓದುವ ಕೋಡ್‌ನಲ್ಲಿ ಈ ತಪ್ಪು ಮೊದಲ ದಿನವೇ ಸಿಕ್ಕಿಬೀಳುತ್ತದೆ. ಬರೆಯುವ ಕೋಡ್‌ನಲ್ಲಿ ಮಾತ್ರ ಡಿಸೆಂಬರ್ ಕೊನೆಯವರೆಗೆ ಕಾಯುತ್ತದೆ. ಹೆಡರ್, ರಸೀದಿ, ಲಾಗ್ ಫೈಲಿನ ಹೆಸರು ಇವೆಲ್ಲ ಬರೆಯುವ ಜಾಗಗಳೇ.

ರಸೀದಿ ಎಂದು ಸುಮ್ನೆ ಹೇಳಿದ್ದಲ್ಲ. ಈ ಸುದ್ದಿ ಓದಿದ ದಿನ ನಾನು ಆಗ ಕೆಲಸ ಮಾಡುತ್ತಿದ್ದ ಕಡೆ ಕೋಡ್ ಪೂರ್ತಿ ದೊಡ್ಡ ವೈ ಹುಡುಕಿದೆ. ನಾಲ್ಕು ಕಡೆ ಸಿಕ್ಕಿತು. ಅದರಲ್ಲಿ ಒಂದು, ಹಣ ಕಟ್ಟಿದವರಿಗೆ ಪಿಡಿಎಫ್ ರಸೀದಿ ಕೊಡುವ ಭಾಗ. ಅದನ್ನು ಬರೆದವನು ನಾನೇ. ಅದಕ್ಕೆ ಟೆಸ್ಟೂ ಬರೆದಿದ್ದೆ, ಮಾರ್ಚ್ ತಿಂಗಳ ಒಂದು ದಿನಾಂಕ ಇಟ್ಟು. ಭಾರತದ ಲೊಕೇಲ್ ಆದ್ದರಿಂದ ನಮ್ಮದು ಭಾನುವಾರವೇ ತಪ್ಪಿತ್ತು. ಆ ಭಾನುವಾರ ಹಣ ಕಟ್ಟಿದವರ ಕೈಯಲ್ಲಿ 2015ರ ಡಿಸೆಂಬರ್ 28ರ ರಸೀದಿ ಇತ್ತು. ಎಲ್ಲರಿಗೂ ಹೊಸ ರಸೀದಿ ಕಳಿಸಿ ಕ್ಷಮೆ ಕೇಳಿದೆವು. ಡೇಟಾಬೇಸ್‌ನಲ್ಲಿ ಮಾತ್ರ ದಿನಾಂಕ ದಿನಾಂಕವಾಗಿಯೇ ಉಳಿದಿತ್ತು, ಅಕ್ಷರವಾಗಿ ಬರೆದಿರಲಿಲ್ಲ. ಅದರಿಂದಾಗಿ ಸರಿಪಡಿಸುವುದು ಒಂದು ಮಧ್ಯಾಹ್ನದ ಕೆಲಸವಾಯಿತು.

ಸರಿಪಡಿಸಿದ್ದು ಹೇಗೆ

ದೊಡ್ಡದನ್ನು ಸಣ್ಣದು ಮಾಡಿದರೆ ಬಗ್ ಹೋಗುತ್ತದೆ. ನಾವು ಅಷ್ಟಕ್ಕೇ ನಿಲ್ಲಿಸಲಿಲ್ಲ.

ಯಂತ್ರ ಓದುವ ದಿನಾಂಕಕ್ಕೆ ಕೈಯಾರೆ ಫಾರ್ಮ್ಯಾಟ್ ಬರೆಯುವುದನ್ನೇ ಬಿಟ್ಟೆವು. ಐಎಸ್‌ಒ ರೂಪಕ್ಕೆ ಭಾಷೆಯಲ್ಲೇ ಸಿದ್ಧ ಫಾರ್ಮ್ಯಾಟರ್ ಇದೆ. ವೆಬ್ ಸರ್ವರ್‌ಗಳು ಮಾತಾಡುವ ಎಚ್‌ಟಿಟಿಪಿ ಪದ್ಧತಿಯ ಹೆಡರ್‌ಗೆ ಮಾತ್ರ ಒಂದು ಎಚ್ಚರ ಬೇಕು. ಜಾವಾ 8ರ ಆರ್‌ಎಫ್‌ಸಿ 1123 ಎಂಬ ಸಿದ್ಧ ಫಾರ್ಮ್ಯಾಟರ್ ಅದಕ್ಕೆ ಸರಿಹೋಗುತ್ತದೆ ಎಂದು ಅನಿಸುತ್ತದೆ. ಆದರೆ ಅದು ತಿಂಗಳ 3ನೇ ತಾರೀಖನ್ನು ಬರೀ 3 ಎಂದು ಬರೆಯುತ್ತದೆ. ಎಚ್‌ಟಿಟಿಪಿ ನಿಯಮ 03 ಎಂದು ಎರಡು ಅಂಕಿ ಕೇಳುತ್ತದೆ. ಹತ್ತನೇ ತಾರೀಖಿನ ನಂತರ ಟೆಸ್ಟ್ ಮಾಡಿದವರಿಗೆ ಇದೂ ಕಾಣುವುದಿಲ್ಲ. ವೆಬ್ ಫ್ರೇಮ್‌ವರ್ಕ್ ತಾನೇ ಹೆಡರ್ ಬರೆಯುತ್ತದೆಯಲ್ಲ, ಅದಕ್ಕೇ ಬಿಡುವುದು ಮೇಲು.

ಜನ ಓದುವ ದಿನಾಂಕಕ್ಕೆ ಲೊಕೇಲ್ ಅನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾಡಿಕೊಂಡೆವು. ಹೇಳದಿದ್ದರೆ ಯಂತ್ರದ ಲೊಕೇಲ್ ಬರುತ್ತದೆ, ಅದು ನಮ್ಮ ಕೈಯಲ್ಲಿಲ್ಲ. ಜಾವಾ 9ರಿಂದ ಲೊಕೇಲ್ ಮಾಹಿತಿಯ ಮೂಲವೇ ಬದಲಾಗಿ ಸಿಎಲ್‌ಡಿಆರ್ ಎಂಬ ಲೊಕೇಲ್ ಮಾಹಿತಿ ಸಂಗ್ರಹಕ್ಕೆ ಹೋಯಿತು. ಜಾವಾ ಹೊಸದಕ್ಕೆ ಏರಿಸಿದ ದಿನ ಕೆಲವು ಕಡೆ ಔಟ್‌ಪುಟ್ ಬೇರೆಯಾಗಲು ಅದೂ ಒಂದು ಕಾರಣ.

ಕೋಡ್ ಪರೀಕ್ಷಿಸುವ ಸಾಧನವನ್ನೂ ಹಾಕಿಕೊಂಡೆವು. ಗೂಗಲ್‌ನ ಎರರ್ ಪ್ರೋನ್‌ನಲ್ಲಿ ಇದಕ್ಕೆಂದೇ ಒಂದು ಪರೀಕ್ಷೆ ಇದೆ. ಫಾರ್ಮ್ಯಾಟ್‌ನಲ್ಲಿ ದೊಡ್ಡ ವೈ ಇದ್ದು, ವಾರದ ಸಂಖ್ಯೆ ಕೇಳುವ ಸಣ್ಣ ಡಬ್ಲ್ಯೂ ಇಲ್ಲದಿದ್ದರೆ ಅದು ತಡೆಯುತ್ತದೆ. ಸರಿಯಾದ ಯೋಚನೆ. ವಾರದ ಸಂಖ್ಯೆಯೇ ಬೇಡದವರಿಗೆ ವಾರದ ವರ್ಷ ಯಾಕೆ ಬೇಕು?

ಆಮೇಲೆ ಟೆಸ್ಟಿನ ದಿನಾಂಕಗಳು. ಮಾರ್ಚ್ ತೆಗೆದು ವರ್ಷದ ಅಂಚಿನ ದಿನಗಳನ್ನು ಇಟ್ಟೆವು. ಅಲ್ಲೂ ಒಂದೇ ವರ್ಷದ ಅಂಚು ಸಾಲುವುದಿಲ್ಲ ಎಂದು ಬೇಗ ಗೊತ್ತಾಯಿತು. 2018ರ ಜನವರಿ 1 ಸೋಮವಾರ, ಆ ಅಂಚಿನಲ್ಲಿ ಐಎಸ್‌ಒ ಲೆಕ್ಕ ಒಂದು ದಿನವೂ ತಪ್ಪುವುದಿಲ್ಲ. 2023ರ ಜನವರಿ 1 ಭಾನುವಾರ, ಅಲ್ಲಿ ನಮ್ಮ ಲೊಕೇಲ್ ತಪ್ಪುವುದಿಲ್ಲ. ಟೆಸ್ಟಿಗೆ ಇವೆರಡರಲ್ಲಿ ಒಂದನ್ನು ಆರಿಸಿಕೊಂಡಿದ್ದರೆ ಎಲ್ಲ ಹಸಿರಾಗಿ ಕಾಣುತ್ತಿತ್ತು.

ಹಾಗಾಗಿ ಈಗ ನಮ್ಮ ಟೆಸ್ಟ್ ಪಟ್ಟಿಯಲ್ಲಿ 2026ರ ಡಿಸೆಂಬರ್ 27ರಿಂದ 2027ರ ಜನವರಿ 3ರವರೆಗಿನ ಎಂಟು ದಿನಗಳೂ ಇವೆ. ಆ ಅಂಚಿನಲ್ಲಿ ಭಾರತದ ಲೊಕೇಲ್ ಡಿಸೆಂಬರ್ 27ರ ಭಾನುವಾರದಿಂದಲೇ 2027 ಎನ್ನಲು ಶುರುಮಾಡುತ್ತದೆ. ಐಎಸ್‌ಒ ಲೆಕ್ಕದಲ್ಲಿ 2026ಕ್ಕೆ 53 ವಾರ. ಡಿಸೆಂಬರ್ ಪೂರ್ತಿ ಅದು ಸರಿಯಾಗಿಯೇ ಇರುತ್ತದೆ. ಹೊಸ ವರ್ಷದ ಶುಕ್ರವಾರ, ಶನಿವಾರ, ಭಾನುವಾರ ಮಾತ್ರ ಇನ್ನೂ 2026 ಎನ್ನುತ್ತದೆ. ಒಂದು ಲೆಕ್ಕ ಮುಂದಕ್ಕೆ ತಪ್ಪುತ್ತದೆ, ಇನ್ನೊಂದು ಹಿಂದಕ್ಕೆ. ಡಿಸೆಂಬರ್ 31ರ ರಾತ್ರಿ ಐಎಸ್‌ಒ ಸರ್ವರ್ ನೋಡಿ ‘ಎಲ್ಲ ಸರಿ ಇದೆ’ ಎಂದು ಮಲಗುವವರಿಗೆ, ಯುಟಿಸಿ ಮಧ್ಯರಾತ್ರಿ ದಾಟಿದ ಮೇಲೆ, ಅಂದರೆ ನಮ್ಮ ಬೆಳಗಿನ ಐದೂವರೆಗೆ ಆ ತಪ್ಪು ಕಾಣುತ್ತದೆ.